ಗಾಯವನ್ನು ಹಿರಿದುಮಾಡುವ ವಿದ್ಯೆ

ಮಳೆಗಾಲದ ಹೊಸ್ತಿಲಲ್ಲಿ ಕರಾವಳಿಯ ಮರಳದಂಡೆಗಳ ಮೇಲೆ ಫೈಬರ್ ದೋಣಿಗಳು ಬೋರಲು ಬೀಳುತ್ತವೆ. ರೂಪಾಯಿಯಗಲದ ತೂತನ್ನು ಮುಚ್ಚಲು ತಟ್ಟೆಯಗಲ ಕೆರೆಯಬೇಕು! ಗಾಜು ಅಗ್ಗ, ಅಂಟು ಅಗ್ಗ, ದುಬಾರಿಯಾದುದು ತಾಳ್ಮೆಯೊಂದೇ.

ಮೇ ತಿಂಗಳ ಕಡೆಯ ವಾರ. ರೋಹಿಣಿ ಮಳೆ ಹುಟ್ಟಿ ಒಂದೆರಡು ದಿನಗಳಾದರೂ ಆಕಾಶದಿಂದ ಇನ್ನೂ ಹನಿ ಇಳಿದಿಲ್ಲ. ಗಂಗೊಳ್ಳಿಯ ಅಳಿವೆಯಿಂದ ಬಡಗಣಕ್ಕೆ ಮರವಂತೆ, ಕೊಡೇರಿ, ಉಪ್ಪುಂದಗಳ ಕಡೆಗೆ ಹಬ್ಬಿರುವ ಮರಳದಂಡೆಯ ಮೇಲೆ, ತೆಂಗಿನ ನೆರಳು ಬಿದ್ದ ಒಂದೆಡೆ, ಬಿಳಿಯ ಸಣ್ಣ ದೋಣಿಯೊಂದು ಹೊಟ್ಟೆ ಮೇಲುಮಾಡಿ ಮಲಗಿದೆ. ಹಿರಿಯ ಮೊಗವೀರನೊಬ್ಬ ಮೊಣಕಾಲೂರಿ ಕುಳಿತು, ಪುಟ್ಟ ಸುತ್ತಿಗೆಯಿಂದ ಅದರ ಮೈಯನ್ನು ಅಂಗುಲ ಅಂಗುಲವಾಗಿ ತಟ್ಟುತ್ತ, ತಲೆಯನ್ನು ವಾರೆಮಾಡಿ ಆಲಿಸುತ್ತಿದ್ದಾನೆ. ಹಲಸಿನ ಹಣ್ಣನ್ನು ಕೊಳ್ಳುವ ಮುನ್ನ ಬೆರಳಿನಿಂದ ಬಡಿದು ಅದರ ಪಕ್ವತೆಯನ್ನು ನಿಶ್ಚಯಿಸುವ ಗೃಹಸ್ಥನ ಗಾಂಭೀರ್ಯವೇ ಅವನ ಮುಖದಲ್ಲಿ ನೆಲೆಸಿದೆ.

ಟಣ್, ಟಣ್ ಎಂದು ಬರುತ್ತಿದ್ದ ಸದ್ದು ಒಂದು ಕಡೆ 'ಡಬ್' ಎಂದು ಮಂಕಾಗುತ್ತದೆ. ಅಲ್ಲಿ ಕಣ್ಣಿಗೆ ಕಾಣುವುದು ಕಲ್ಲು ತಾಗಿ ಆದ ರೂಪಾಯಿಯಗಲದ ಒಂದು ಗಾಯ ಮಾತ್ರ. ಆದರೆ ಅವನು ಸೀಮೆಸುಣ್ಣವನ್ನು ತೆಗೆದು, ಆ ಗಾಯಕ್ಕಿಂತ ನಾಲ್ಕು ಬೆರಳು ಆಚೆಗೆ ಸುತ್ತಲೂ ಗೆರೆ ಎಳೆಯುತ್ತಾನೆ. ಗ್ರೈಂಡರನ್ನು ಹಿಡಿದು ಕಾತರದಿಂದ ನಿಂತಿರುವ ತರುಣನಿಗೆ ಅವನು ಹೇಳುವುದು ಒಂದೇ ಮಾತು: “ಗಡಿಬಿಡಿ ಮಾಡ್ಬೇಡ ಮಾರಾಯ. ಕಾಂಬುದು ಇಷ್ಟೇ, ಒಳಗೆ ಇನ್ನೂ ಉಂಟು.”

ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವುಂಟು. ಮಲ್ಪೆಯ ಬಂದರಿನಲ್ಲಿ ಟ್ರಾಲ್ ಬೋಟುಗಳು ಒಂದಕ್ಕೊಂದು ಮೈಯೊತ್ತಿ ವಿಶ್ರಮಿಸುವ ಆ ಅವಧಿಯೇ, ಹತ್ತು ಅಶ್ವಶಕ್ತಿಯನ್ನು ಮೀರದ ಔಟ್‌ಬೋರ್ಡ್ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡ ನಾಡದೋಣಿಗಳಿಗೆ ಸುಗ್ಗಿಯ ಕಾಲ. ಕಡಲು ಒಮ್ಮೆ ತೂಫಾನಾಗಿ ತಳಮೇಲಾದ ಬಳಿಕ ಸೀಗಡಿ, ಬಂಗುಡೆ, ಬೂತಾಯಿಗಳು ದಡದ ಸಮೀಪಕ್ಕೆ ಬಂದಾವೆಂಬ ನಿರೀಕ್ಷೆಯಲ್ಲಿ ಅವು ಅಲೆಗಳನ್ನು ಸೀಳಿ ಹೊರಡುತ್ತವೆ. ಆದುದರಿಂದ ದೊಡ್ಡ ಬೋಟುಗಳ ದುರಸ್ತಿಗೆ ಆ ಎರಡು ತಿಂಗಳೂ ಬಿಡುವು ದೊರೆತರೆ, ಸಣ್ಣ ದೋಣಿಗಳ ದುರಸ್ತಿ ಮಳೆಗೆ ಮುನ್ನವೇ ಮುಗಿಯತಕ್ಕದ್ದು. ಋತುವೇ ಅವಸರಪಡಿಸುವ ಈ ಕೆಲಸದಲ್ಲಿ, ಫೈಬರ್ ಸಹಿಸದ ದೋಷವೂ ಅವಸರವೇ ಆಗಿರುವುದು ವಿಧಿಯ ಕುಚೋದ್ಯವೆನ್ನಬೇಕು.

ಮರ ಹೋಯಿತು, ಗಾಜು ಬಂತು

ಹೆಬ್ಬಲಸು, ಮಾವುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಮೀನೆಣ್ಣೆಯನ್ನೋ ಗೇರಿನ ಸಿಪ್ಪೆಯ ಎಣ್ಣೆಯನ್ನೋ ಬಳಿದು ನೀರಿಗಿಳಿಸುತ್ತಿದ್ದ ಕಾಲದಲ್ಲಿ, ದೋಣಿಯು ತನ್ನ ದುರಸ್ತಿಯಲ್ಲಿ ತಾನೂ ಪಾಲುಗೊಳ್ಳುತ್ತಿತ್ತು. ಬೇಸಗೆಯಲ್ಲಿ ಒಣಗಿ ಬಿರಿದ ಸಂದುಗಳು ನೀರು ಕುಡಿದೊಡನೆ ಉಬ್ಬಿ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಫೈಬರಿಗೆ ಆ ಔದಾರ್ಯವಿಲ್ಲ. ಅದು ಕೊಳೆಯದು, ಹುಳು ಹಿಡಿಯದು, ವರ್ಷವರ್ಷವೂ ಎಣ್ಣೆ ಬೇಡದು. ಆದರೆ ಒಮ್ಮೆ ಒಡೆದ ಅದರ ಮೈ ಮನುಷ್ಯನ ಕೈ ತಾಗದೆ ಎಂದಿಗೂ ಕೂಡಿಕೊಳ್ಳದು.

ಈ ವಸ್ತುವಿನ ಹುಟ್ಟಿನಲ್ಲಿಯೂ ಆಕಸ್ಮಿಕದ ಪಾತ್ರವುಂಟು. 1932ರಲ್ಲಿ ಅಮೆರಿಕದ ಓಹಾಯೋ ಪ್ರಾಂತದಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಸಂಶೋಧಕನು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೆಣಗುತ್ತಿದ್ದಾಗ, ಒತ್ತಡದ ಗಾಳಿಯ ಧಾರೆ ಕರಗಿದ ಗಾಜಿಗೆ ತಗುಲಿ, ಅದು ಸೂಕ್ಷ್ಮವಾದ ಎಳೆಗಳಾಗಿ ಚಿಮ್ಮಿತು. ಆ ಎಳೆಗಳನ್ನು ಅಂಟುದ್ರವವಾದ ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿ, 1942ರಲ್ಲಿ ಅದೇ ಪ್ರಾಂತದ ಟೊಲೀಡೊ ನಗರದ ರೇ ಗ್ರೀನ್ ಎಂಬಾತನು ದೋಣಿಯೊಂದನ್ನು ಎರಕಗೊಳಿಸಿದನು.

ನಮ್ಮ ಕಡಲುಗಳಿಗೆ ಅದು ಬಂದುದು ಸಾವಕಾಶವಾಗಿ. ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಅಗ್ಗದ ರಬ್ಬರ್ ಮರದ ದೋಣಿಗೂ ಫೈಬರಿನ ಕವಚ ತೊಡಿಸಿ ಪರೀಕ್ಷಿಸಿತು. 1979ರಲ್ಲಿ ಮದರಾಸಿನಲ್ಲಿ ನೆಲೆಗೊಂಡ ಬಂಗಾಳ ಕೊಲ್ಲಿ ಯೋಜನೆಯು ಮರಳದಂಡೆಗೇ ಬಂದು ತಗುಲಬಲ್ಲ ಫೈಬರ್ ದೋಣಿಗಳ ವಿನ್ಯಾಸದಲ್ಲಿ ತೊಡಗಿತು. 2004ರ ಸುನಾಮಿಯ ತರುವಾಯ ಪೂರ್ವ ಕರಾವಳಿಯಲ್ಲಿ ಇಂಥ ದೋಣಿಗಳು ಅಪಾರ ಸಂಖ್ಯೆಯಲ್ಲಿ, ಅಷ್ಟೇ ತ್ವರೆಯಿಂದ ನಿರ್ಮಾಣಗೊಂಡವು. ಆ ತ್ವರೆಯ ಫಲವನ್ನು ದುರಸ್ತಿಗಾರರು ಬಹುಕಾಲ ಉಂಡರು.

ತೊಗಲು ಮತ್ತು ಮಾಂಸ

ಗಾಯವನ್ನು ಅರಿಯಬೇಕಾದರೆ ಮೈಯನ್ನು ಅರಿಯಬೇಕು. ಫೈಬರ್ ದೋಣಿಯ ಹೊರಮೈ ಜೆಲ್‌ಕೋಟ್ ಎಂಬ ಬಣ್ಣಗೂಡಿದ ರೆಸಿನ್ ಪದರ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಅದಕ್ಕೆ ಬಲವಿಲ್ಲ, ನೀರನ್ನೂ ಬಿಸಿಲನ್ನೂ ತಡೆಯುವುದಷ್ಟೇ ಅದರ ಧರ್ಮ. ಅದರ ಒಳಗೆ, ತುಂಡೆಳೆಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ಒತ್ತಿದ 'ಮ್ಯಾಟ್' ಎಂಬ ಹಾಳೆಗಳೂ, ದಪ್ಪ ಎಳೆಗಳನ್ನು ನೇಯ್ದ 'ರೋವಿಂಗ್' ಎಂಬ ಬಟ್ಟೆಗಳೂ ಪದರಪದರವಾಗಿ ರೆಸಿನ್‌ನಲ್ಲಿ ನೆನೆದು ಗಟ್ಟಿಯಾಗಿವೆ. ಎಳೆತವನ್ನು ತಾಳುವುದು ಗಾಜು. ಗಾಜಿನ ಎಳೆಗಳನ್ನು ಪರಸ್ಪರ ಹಿಡಿದಿಟ್ಟು, ಒಂದರ ಭಾರವನ್ನು ಇನ್ನೊಂದಕ್ಕೆ ದಾಟಿಸುವುದು ರೆಸಿನ್.

ಕೇವಲ ತೊಗಲು ತರಚಿದ ಗೀರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ಗೀರನ್ನು ಕೊಂಚ ಅಗಲಿಸಿ, ಶುಚಿಗೊಳಿಸಿ, ಜೆಲ್‌ಕೋಟ್ ತುಂಬಿ, ಉಪ್ಪುಕಾಗದದಿಂದ ಸವರಿದರಾಯಿತು. ಆದರೆ ಒಂದು ಬಿಂದುವಿನಿಂದ ನಕ್ಷತ್ರದಂತೆ ಸುತ್ತಲೂ ಚಾಚಿದ ಬಿರುಕುಗಳು ಕಂಡರೆ, ಯಾವುದೋ ಬಂಡೆಯೋ ದಕ್ಕೆಯ ಮೂಲೆಯೋ ಅಲ್ಲಿ ಗುದ್ದಿದೆಯೆಂದೂ, ಒಳಗಿನ ಪದರಗಳು ಬೇರ್ಪಟ್ಟಿರಬಹುದೆಂದೂ ತಿಳಿಯತಕ್ಕದ್ದು. ಬಿರುಕುಗಳು ಒಂದಕ್ಕೊಂದು ಸಮಾಂತರವಾಗಿ ಓಡಿದ್ದರೆ ಕಾರಣ ಬೇರೆ. ಆ ಭಾಗ ಪ್ರತಿ ಅಲೆಗೂ ಬಾಗುತ್ತಿದೆ, ಅಲ್ಲಿ ಒಳಗಿನ ಆಧಾರ ಸಾಲದು. ಹಾಗಿರುವಾಗ ಹೊರಗೆ ಎಷ್ಟು ಬಳಿದರೂ ಮುಂದಿನ ವರ್ಷ ಅದೇ ಗೆರೆಗಳು ಅದೇ ಜಾಗದಲ್ಲಿ ಮರಳಿ ಮೂಡುವುವು.

ಇನ್ನು ಸಣ್ಣ ಬೊಬ್ಬೆಗಳು. ಬಹುಕಾಲ ನೀರಿನಲ್ಲೇ ನಿಂತ ದೋಣಿಯ ತಳದಲ್ಲಿ ನೀರಿನ ಅಣುಗಳು ಜೆಲ್‌ಕೋಟನ್ನು ದಾಟಿ ಒಳಸೇರಿ, ಗಟ್ಟಿಯಾಗದೆ ಉಳಿದ ರಾಸಾಯನಿಕಗಳೊಡನೆ ಕೂಡಿ, ಒತ್ತಡದಿಂದ ತೊಗಲನ್ನು ಉಬ್ಬಿಸುತ್ತವೆ. ಚುಚ್ಚಿದರೆ ವಿನೆಗರಿನ ಹುಳಿವಾಸನೆಯ ದ್ರವ ಒಸರುವುದು. ಪ್ರತಿದಿನವೂ ದಡಕ್ಕೆ ಎಳೆದು ಒಣಗಿಸುವ ನಾಡದೋಣಿಗಳಿಗೆ ಈ ವ್ಯಾಧಿ ವಿರಳ. ಅವುಗಳ ಶತ್ರು ಮರಳು. ದಿನದಿನವೂ ಎಳೆದ ಕಡೆ ತಳದ ನಡುಗೆರೆ ಸವೆದು ಸವೆದು, ಕಡೆಗೊಮ್ಮೆ ಬಿಳಿಯ ಜೆಲ್‌ಕೋಟ್ ಮಾಯವಾಗಿ ಗಾಜಿನ ರೋಮಗಳು ತಲೆಯೆತ್ತುತ್ತವೆ. ಆ ರೋಮಗಳ ಉದ್ದಕ್ಕೂ ನೀರು ಬತ್ತಿಯಲ್ಲಿ ಎಣ್ಣೆಯೇರುವ ನ್ಯಾಯದಿಂದಲೇ ಒಳನುಗ್ಗುವುದರಿಂದ, ತೂತು ಬೀಳುವವರೆಗೆ ಕಾಯುವುದು ಅವಿವೇಕ.

> ತೇವವನ್ನು ಪತ್ತೆಹಚ್ಚುವ ಬಗೆ
>
> ಕೆರೆದ ಜಾಗದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನಿಟ್ಟು, ನಾಲ್ಕಂಚಿಗೂ ಟೇಪು ಅಂಟಿಸಿ ಬಿಸಿಲಿನಲ್ಲಿ ಬಿಡಿ. ಹಾಳೆಯ ಒಳಮೈಯಲ್ಲಿ ಬೆವರಿನ ಹನಿಗಳು ಕೂಡಿದರೆ ದೋಣಿ ಇನ್ನೂ ಒದ್ದೆಯಾಗಿದೆ. ಹನಿ ಕಾಣದಾಗುವವರೆಗೆ ರೆಸಿನ್ ಡಬ್ಬಿಯನ್ನು ಮುಟ್ಟಬೇಡಿ. ಸಮುದ್ರದಲ್ಲಿದ್ದ ದೋಣಿಯಾದರೆ ಮೊದಲು ಸಿಹಿನೀರಿನಿಂದ ತೊಳೆಯಬೇಕು. ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಸೆಳೆಯುತ್ತದೆ.

ಒಂದಕ್ಕೆ ಹನ್ನೆರಡು

ಈಗ ಈ ವಿದ್ಯೆಯ ಹೃದಯಕ್ಕೆ ಬರೋಣ. ಲೋಕದ ಸಾಮಾನ್ಯ ತಿಳಿವಳಿಕೆ ಏನೆಂದರೆ, ತೂತು ಎಷ್ಟಿದೆಯೋ ತೇಪೆಯೂ ಅಷ್ಟೇ ಇರಬೇಕು, ಇಲ್ಲವೇ ಕೊಂಚ ದೊಡ್ಡದಿರಬೇಕು. ಫೈಬರ್ ಈ ಲೆಕ್ಕವನ್ನು ಒಪ್ಪುವುದಿಲ್ಲ. ದೋಣಿಯನ್ನು ಎರಕಹೊಯ್ಯುವಾಗ ಹಸಿಯ ಪದರದ ಮೇಲೆ ಹಸಿಯ ಪದರ ಬಿದ್ದು ಎರಡೂ ರಾಸಾಯನಿಕವಾಗಿ ಒಂದಾಗಿರುತ್ತವೆ. ಆದರೆ ಎಂದೋ ಗಟ್ಟಿಯಾದ ಹಳೆಯ ಮೈಗೆ ಹೊಸ ರೆಸಿನ್ ಹಾಗೆ ಬೆರೆಯದು, ಕೇವಲ ಅಂಟಿಕೊಳ್ಳುವುದು. ಆ ಅಂಟು ನಿಲ್ಲಬೇಕಾದರೆ ಹಿಡಿತಕ್ಕೆ ಒರಟುತನ ಬೇಕು, ಹರವಿಗೆ ವಿಸ್ತಾರ ಬೇಕು.

ಆದಕಾರಣ ಗಾಯದ ಅಂಚನ್ನು ನೆಟ್ಟಗೆ ಬಿಡದೆ, ಸುತ್ತಲೂ ಇಳಿಜಾರಾಗಿ ಕೆರೆಯಬೇಕು; ಆ ಇಳಿಜಾರಿನ ಅಗಲ ದೋಣಿಯ ದಪ್ಪದ ಹನ್ನೆರಡು ಪಾಲು ಇರಬೇಕೆಂಬುದು ಪ್ರಸಿದ್ಧ ನಿಯಮ. 6 ಮಿಲಿಮೀಟರು ದಪ್ಪದ ಮೈಯಲ್ಲಿ 2 ಸೆಂಟಿಮೀಟರಿನ ತೂತು ಬಿದ್ದಿದೆಯೆಂದು ಭಾವಿಸಿ. ಸುತ್ತ ಒಂದೊಂದು ಬದಿಗೂ 7 ಸೆಂಟಿಮೀಟರಿಗೆ ಮೀರಿದ ಇಳಿಜಾರು ಕೂಡಿದರೆ, ಕೆರೆದ ವೃತ್ತದ ವ್ಯಾಸ 16 ಸೆಂಟಿಮೀಟರನ್ನು ದಾಟುತ್ತದೆ. ದೋಣಿಯ ಒಡೆಯನು ಇದನ್ನು ನೋಡಿ ಎದೆಗುಂದುವುದು ಸಹಜ. ರೂಪಾಯಿಯಗಲದ ತೂತನ್ನು ತೋರಿಸಲು ಬಂದವನ ಕಣ್ಣೆದುರಿಗೇ ತಟ್ಟೆಯಗಲ ಮೈ ಮಾಯವಾಗಿರುತ್ತದೆ!

ಆದರೂ ಇಲ್ಲಿ ಜಿಪುಣತನ ಸಲ್ಲದು. ತಟ್ಟಿದಾಗ ಮಂಕು ಸದ್ದು ಬಂದ ಭಾಗವೆಲ್ಲವನ್ನೂ, ಬಿಳಿಚಿಕೊಂಡ ಎಳೆಗಳು ಕಂಡಷ್ಟೂ ದೂರ, ತೆಗೆದುಬಿಡಬೇಕು. ಮೊದಲು ಅಸಿಟೋನಿನಿಂದ ಮೇಣ, ಎಣ್ಣೆಗಳನ್ನು ಒರೆಸಿ, ಅನಂತರವೇ ಗ್ರೈಂಡರ್ ಹಿಡಿಯಬೇಕು. ಕ್ರಮ ತಪ್ಪಿದರೆ ಉಪ್ಪುಕಾಗದದ ಹರಳುಗಳೇ ಮೇಣವನ್ನು ಎಳೆಗಳ ಒಳಕ್ಕೆ ತುರುಕುತ್ತವೆ. ಗ್ರೈಂಡರಿನಿಂದ ಏಳುವ ಗಾಜಿನ ಹುಡಿ ಕುತ್ತಿಗೆಯ ಬೆವರಿಗಂಟಿ ಇರುಳೆಲ್ಲ ನವೆಯಾಗಿ ಕಾಡುವುದೂ, ಶ್ವಾಸಕೋಶಕ್ಕೆ ಹಿತವಲ್ಲವೆಂಬುದೂ ಎಲ್ಲರಿಗೂ ಗೊತ್ತು. ಆದಾಗ್ಯೂ ಮುಖಕ್ಕೆ ಕಟ್ಟಿಕೊಂಡ ಬೈರಾಸೇ ಸಾಕೆಂಬ ಧೈರ್ಯ ನಮ್ಮ ದಂಡೆಗಳಲ್ಲಿ ಇನ್ನೂ ಉಳಿದಿದೆ. ಹುಡಿಯನ್ನು ತಡೆಯುವ ಮುಖಗವಸಿನ ಬೆಲೆ ದೋಣಿಯ ಬೆಲೆಯ ಮುಂದೆ ಯಾವ ಲೆಕ್ಕ?

ಹನಿಯ ಲೆಕ್ಕ

ಮೇಲೆ ಹೇಳಿದ ಗಾಯಕ್ಕೆ ಬೇಕಾದ ಸಾಮಗ್ರಿಯನ್ನು ಗಣಿಸಿದರೆ ನಗು ಬರುವುದು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ರೆಸಿನ್ ಹೀರಿ ಗಟ್ಟಿಯಾದಾಗ ಸುಮಾರು 1 ಮಿಲಿಮೀಟರು ದಪ್ಪವಾಗುತ್ತದೆ. ಆದುದರಿಂದ ಆರು ಪದರ. ಒಂದಕ್ಕಿಂತ ಒಂದು ಹಿರಿದಾದ ಆ ಆರು ವೃತ್ತಗಳ ಗಾಜೆಲ್ಲ ಸೇರಿ 20 ಗ್ರಾಂ ಸುಮಾರು. ಅದಕ್ಕೆ ಎರಡೂವರೆ ಪಾಲು, ಅಂದರೆ 50 ಗ್ರಾಂ ರೆಸಿನ್. ಒಂದು ಲೋಟ ಚಹಾದಷ್ಟೂ ಇಲ್ಲದ ಈ ದ್ರವ್ಯಕ್ಕಾಗಿ ಒಣಗಿಸುವುದರಲ್ಲಿ ದಿನಗಳೂ ಕೆರೆಯುವುದರಲ್ಲಿ ಗಂಟೆಗಳೂ ಕಳೆದಿರುತ್ತವೆ.

ರೆಸಿನ್ ತಾನಾಗಿ ಬೇಗ ಗಟ್ಟಿಯಾಗದು. ಅದಕ್ಕೆ ನೇರಳೆ ಬಣ್ಣದ ಕೋಬಾಲ್ಟ್ ದ್ರವ ವೇಗವರ್ಧಕ. ನೀರಿನಂತೆ ತಿಳಿಯಾದ, 'ಕ್ಯಾಟಲಿಸ್ಟ್' ಎಂದೇ ಅಂಗಡಿಗಳಲ್ಲಿ ಕರೆಯುವ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್ ಪ್ರೇರಕ. ಅದರ ಪ್ರಮಾಣ ಸಾಮಾನ್ಯವಾಗಿ ರೆಸಿನ್ ತೂಕದ ನೂರಕ್ಕೆ ಒಂದರಿಂದ ಎರಡು. ನಮ್ಮ ಮೇ ತಿಂಗಳ ಸೆಕೆಯಲ್ಲಿ ನೂರಕ್ಕೆ ಒಂದೇ ಸಾಕು. ನಮ್ಮ ಗಾಯದ ಲೆಕ್ಕಕ್ಕೆ ಅದು ಅರ್ಧ ಗ್ರಾಂ, ಕೆಲವೇ ಹನಿಗಳು. ಬಾಟಲಿಯ ಮುಚ್ಚಳದಿಂದ ಅಂದಾಜಿಗೆ ಸುರಿಯುವ ಹಳೆಯ ಕೈಗಳೂ ಉಂಟು, ಆದರೆ ಔಷಧದಂಗಡಿಯ ಸಿರಿಂಜು ಹಿಡಿದವನ ಕೆಲಸವೇ ನಂಬಲರ್ಹ. ಹೆಚ್ಚು ಸುರಿದರೆ ರೆಸಿನ್ ಕುಂಚದಲ್ಲಿಯೇ ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿ, ಕಾದು, ಹೊಗೆಯಾಡುವುದು. ತೀರ ಕಡಿಮೆಯಾದರೆ ಪೂರ್ಣವಾಗಿ ಗಟ್ಟಿಯಾಗದೆ, ಮೆತ್ತಗೆ ಉಳಿದು, ನೀರಿಗೆ ಸೋಲುವುದು.

> ಎಚ್ಚರಿಕೆ!
>
> ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ಎಂದಿಗೂ ನೇರವಾಗಿ ಒಂದರೊಳಗೊಂದು ಬೆರೆಸಬಾರದು, ಸ್ಫೋಟವಾದೀತು. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಚೆನ್ನಾಗಿ ಕದಡಿ, ಅನಂತರ ಕ್ಯಾಟಲಿಸ್ಟ್ ಸೇರಿಸಬೇಕು. ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ: ಕನಿಷ್ಠ 15 ನಿಮಿಷ ಧಾರಾಳವಾದ ನೀರಿನಿಂದ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬೀಡಿ, ಸಿಗರೇಟು, ಒಲೆ ಸುತ್ತ ಇರಕೂಡದು. ಅಸಿಟೋನ್ ಮತ್ತು ರೆಸಿನ್‌ನ ಆವಿ ಎರಡಕ್ಕೂ ಬೆಂಕಿಯ ಭಯವುಂಟು.

ತೂತು ಆರಪಾರವಾಗಿದ್ದರೆ ಒಂದು ಬದಿಯಲ್ಲಿ ಆಧಾರ ಬೇಕಾಗುತ್ತದೆ. ಪ್ಲಾಸ್ಟಿಕ್ ಹಾಳೆ ಸುತ್ತಿದ ತೆಳು ಹಲಗೆಯೊಂದನ್ನು ಹೊರಗಿನಿಂದ ಒತ್ತಿ ಕಟ್ಟಿ, ಒಳಗಿನಿಂದ ಪದರಗಳನ್ನು ಕೂರಿಸುವುದು ಸುಲಭ ಮಾರ್ಗ. ಒಳಭಾಗದಲ್ಲಿ ತೇಲಿಕೆಗಾಗಿ ತುಂಬಿದ ಫೋಮ್ ಇದ್ದು ಕೈ ಹೋಗದಿದ್ದರೆ ಕೆಲಸವೆಲ್ಲ ಹೊರಗಿನಿಂದಲೇ ನಡೆಯಬೇಕು. ಪದರಗಳಲ್ಲಿ ಹಿರಿಯದು ಮೊದಲೋ ಕಿರಿಯದು ಮೊದಲೋ ಎಂಬುದರಲ್ಲಿ ದುರಸ್ತಿಗಾರರೊಳಗೆ ಎರಡು ಪಂಥಗಳುಂಟು. ಹಿರಿಯದನ್ನು ಮೊದಲು ಹಾಸಿದರೆ ಒಂದೇ ಅಖಂಡ ಹಾಳೆ ಹಳೆಯ ಮೈಯನ್ನೆಲ್ಲ ಅಪ್ಪುತ್ತದೆಂದು ಒಂದು ಪಕ್ಷ. ಕಿರಿಯದನ್ನು ಮೊದಲು ಕೂರಿಸಿದರೆ ಹಳೆಯ ಪದರಗಳಿಗೆ ಹೊಸ ಪದರಗಳು ಸಾಲುಸಾಲಾಗಿ ಹೊಂದುತ್ತವೆಂದು ಇನ್ನೊಂದು. ಇಳಿಜಾರು ಸರಿಯಾಗಿದ್ದರೆ ಎರಡೂ ದಡ ಸೇರುತ್ತವೆ, ಅದು ಕಡಿದಾಗಿದ್ದರೆ ಎರಡೂ ಮುಳುಗುತ್ತವೆ ಎಂಬುದೇ ನನ್ನ ಮತ.

ಮುಖ್ಯವಾದುದು ಗಾಳಿಯನ್ನು ಹೊರಗಟ್ಟುವುದು. ಮ್ಯಾಟ್ ಬಿಳಿಯಾಗಿರುವಷ್ಟು ಕಾಲವೂ ಅದರಲ್ಲಿ ಗಾಳಿಯಿದೆ. ರೆಸಿನ್ ಹೀರಿದೊಡನೆ ಬಿಳುಪು ಕರಗಿ ಪಾರದರ್ಶಕವಾಗುತ್ತದೆ. ಕುಂಚವನ್ನು ಎಳೆದರೆ ಎಳೆಗಳು ಕಿತ್ತುಬರುವುದರಿಂದ ಅದನ್ನು ಕುಟ್ಟುತ್ತ ಒತ್ತಬೇಕು. ಆಮೇಲೆ ಗೀರುಗಳುಳ್ಳ ಲೋಹದ ಪುಟ್ಟ ರೋಲರನ್ನು ನಡುವಿನಿಂದ ಅಂಚಿಗೆ ಉರುಳಿಸುತ್ತ ಗುಳ್ಳೆಗಳನ್ನು ಓಡಿಸಬೇಕು. ಹೊಳಪು ಬರಲೆಂದು ಮೇಲಿಂದ ಮೇಲೆ ರೆಸಿನ್ ಸುರಿಯುವುದು ಕಲಿಯುವವರ ಚಾಪಲ್ಯ. ಗಾಜಿಲ್ಲದ ರೆಸಿನ್ ಸುಲಭವಾಗಿ ಒಡೆಯುವ ವಸ್ತು. ಅದು ದೋಣಿಗೆ ಭಾರವನ್ನು ಕೂಡಿಸೀತೇ ಹೊರತು ಬಲವನ್ನಲ್ಲ.

ಪುಟ್ಟಿಯ ಪಾಪ

ಇಷ್ಟೆಲ್ಲ ಶ್ರಮದ ಬದಲು ಮೋಟಾರು ಗ್ಯಾರೇಜಿನ ಪುಟ್ಟಿಯನ್ನು ತೂತಿಗೆ ಮೆತ್ತಿ, ಮೇಲೆ ಬಣ್ಣ ಬಳಿದು, ಅರ್ಧ ದಿನದಲ್ಲಿ ದೋಣಿಯನ್ನು ನೀರಿಗಿಳಿಸುವ ಮಾರ್ಗವೊಂದುಂಟು. ಅದು ಜನಪ್ರಿಯವೂ ಹೌದು. ಆ ಪುಟ್ಟಿಯಲ್ಲಿ ಗಾಜಿನ ಎಳೆಯಿಲ್ಲ, ತುಂಬಿರುವುದು ಬಳಪದ ಹುಡಿ. ನೀರನ್ನು ಹೀರುವ ಆ ವಸ್ತು ಕಾರಿನ ಬಾಗಿಲಿಗೆ ಯೋಗ್ಯವೇ ಹೊರತು, ಜಲರೇಖೆಯ ಕೆಳಗೆ ಪ್ರತಿ ಅಲೆಯ ಹೊಡೆತವನ್ನು ತಿನ್ನುವ ದೋಣಿಯ ಹೊಟ್ಟೆಗಲ್ಲ. ಕಡಲಿನ ನಡುವೆ ನೀರು ಒಳನುಗ್ಗಿದಾಗ ಎಂ-ಸೀಲಿನ ಉಂಡೆಯನ್ನು ಒತ್ತಿ ದಡ ಸೇರುವುದು ಆಪದ್ಧರ್ಮ, ಅದನ್ನು ಯಾರೂ ಆಕ್ಷೇಪಿಸಲಾರರು; ಆದರೆ ಆಪದ್ಧರ್ಮವನ್ನೇ ನಿತ್ಯಕರ್ಮ ಮಾಡಿಕೊಂಡು ಮಳೆಗಾಲದ ಅಳಿವೆಯನ್ನು ದಾಟಹೊರಡುವುದು ಬೇರೆ ಮಾತು.

ಕಡೆಯದು ತೊಗಲು ತೊಡಿಸುವ ಕಾರ್ಯ. ಗಟ್ಟಿಯಾದ ತೇಪೆಯನ್ನು ದೋಣಿಯ ಮೈಯ ಓಟಕ್ಕೆ ಹೊಂದುವಂತೆ ಸವರಿ, ಜೆಲ್‌ಕೋಟ್ ಬಳಿಯುತ್ತಾರೆ. ಗಾಳಿ ತಾಗಿದ ಪಾಲಿಯೆಸ್ಟರಿನ ಮೇಲ್ಮೈ ಪೂರ್ಣವಾಗಿ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುವುದರಿಂದ, ಅದಕ್ಕೆ ಮೇಣದ ದ್ರಾವಣವನ್ನು ಬೆರೆಸುವರು, ಇಲ್ಲವೇ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುವರು. ಒಳಪದರಗಳಿಗೆ ಪಾಲಿಯೆಸ್ಟರಿನ ಬದಲು ಎಪಾಕ್ಸಿ ರೆಸಿನ್ ಬಳಸಿದ್ದರೆ ಮಾತ್ರ ಜೋಕೆ: ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಬಿಗಿಯಾಗಿ ಕೂರುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಹಾಗೆ ಕೂರುವುದಿಲ್ಲ, ಅಲ್ಲಿ ಎಪಾಕ್ಸಿಗೆ ಒಗ್ಗುವ ಬಣ್ಣವೇ ಲೇಸು. ವರ್ಷಾನುಗಟ್ಟಲೆ ಬಿಸಿಲುಂಡ ಹಳೆಯ ಬಿಳುಪಿಗೆ ಹೊಸ ಬಿಳುಪು ಹೊಂದಲಿಲ್ಲವೆಂದು ಕೊರಗುವವರು ವಿಹಾರದೋಣಿಗಳ ಒಡೆಯರು. ಬಲೆಗಾರನಿಗೆ ಆ ಚಿಂತೆಯಿಲ್ಲ, ಇರಬೇಕಾದುದೂ ಇಲ್ಲ.

ಇಲ್ಲಿಯವರೆಗೆ ಹೇಳಿದುದೆಲ್ಲ ಸಣ್ಣ ಗಾಯಗಳ ಮಾತು. ಸಣ್ಣದೆಂಬ ವೇಷದಲ್ಲಿ ಬರುವ ದೊಡ್ಡ ರೋಗವೊಂದನ್ನು ಹೇಳದೆ ಬಿಡುವಂತಿಲ್ಲ: ಔಟ್‌ಬೋರ್ಡ್ ಯಂತ್ರವನ್ನು ತೂಗುಹಾಕುವ ಹಿಂಬದಿಯ ಗೋಡೆ. ಅನೇಕ ದೋಣಿಗಳಲ್ಲಿ ಅದು ಅಖಂಡ ಫೈಬರ್ ಅಲ್ಲ. ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಅಡಗಿದೆ. ಬೋಲ್ಟಿನ ತೂತುಗಳ ಮೂಲಕ ಇಳಿದ ನೀರು ಒಳಗಿನ ಮರವನ್ನು ಕಾಣದಂತೆ ಕೊಳೆಯಿಸುತ್ತದೆ; ಹೊರಗೆ ಕಾಣುವುದು ಬೋಲ್ಟಿನ ಸುತ್ತಣ ಕೂದಲೆಳೆಯಂಥ ಒಂದೆರಡು ಬಿರುಕುಗಳು ಮಾತ್ರ. ಅನುಮಾನವಿದ್ದರೆ ಒಳಬದಿಯಿಂದ ಸಣ್ಣದೊಂದು ತೂತು ಕೊರೆದು, ಹೊರಬರುವ ಮರದ ಹುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಬೇಕು. ಹುಡಿ ಒಣಗಿ ತಿಳಿಬಣ್ಣದಲ್ಲಿದ್ದರೆ ಆ ತೂತನ್ನು ಎಪಾಕ್ಸಿಯಿಂದ ಮುಚ್ಚಿ, ಬಿರುಕಿಗೆ ಮೇಲಿನ ಉಪಚಾರವನ್ನೇ ಮಾಡಬಹುದು. ಕಪ್ಪಾಗಿ, ಒದ್ದೆಯಾಗಿ ಬೆರಳಿಗೆ ಮೆತ್ತಿಕೊಂಡರೆ ಆ ವರ್ಷದ ಮಟ್ಟಿಗೆ ಯಂತ್ರವನ್ನು ಇಳಿಸಿಟ್ಟು, ಹಿಂಬದಿಯ ಗೋಡೆಯನ್ನೇ ಬಿಚ್ಚಿ ಹೊಸದಾಗಿ ಕಟ್ಟಬಲ್ಲವರ ಬಳಿಗೆ ದೋಣಿಯನ್ನು ಒಯ್ಯಬೇಕಾಗುತ್ತದೆ.